ಹಳೆಯ ಡಿಸ್ಕ್, ಹೊಸ ಕ್ಲಸ್ಟರ್: ಡೇಟಾ ಇರುವ ಕ್ಲೌಡ್ ಡಿಸ್ಕನ್ನು ಕುಬರ್ನೆಟೀಸ್‌ಗೆ ಜೋಡಿಸುವ ಬಗೆ

ಪ್ರೋಗ್ರಾಮ್‌ಗಳನ್ನು ಹಲವು ಮಷೀನುಗಳ ಮೇಲೆ ಓಡಿಸಿ ನಿರ್ವಹಿಸುವ ಕುಬರ್ನೆಟೀಸ್ ಕಲಿಯುವವರಿಗೆ ಶೇಖರಣೆಯ ಪಾಠ ಬಹುತೇಕ ಖಾಲಿ ಡಿಸ್ಕಿನಿಂದಲೇ ಆರಂಭವಾಗುತ್ತದೆ. ಇಷ್ಟು ಜಾಗ ಬೇಕೆಂದು ಒಂದು ಕ್ಲೇಮ್ ಬರೆದರೆ ಸಾಕು, ಕ್ಲಸ್ಟರ್ (ಅಂದರೆ ಕುಬರ್ನೆಟೀಸ್ ನಡೆಸುವ ಮಷೀನುಗಳ ಗುಂಪು) ತಾನೇ ಕ್ಲೌಡ್‌ನಲ್ಲಿ ಡಿಸ್ಕ್ ಮಾಡಿಸಿ, ಫಾರ್ಮ್ಯಾಟ್ ಮಾಡಿ, ಪಾಡ್‌ಗೆ, ಅಂದರೆ ಪ್ರೋಗ್ರಾಮ್ ಓಡುವ ಘಟಕಕ್ಕೆ, ಜೋಡಿಸಿಬಿಡುತ್ತದೆ. ಕೆಲಸದಲ್ಲಿ ಎದುರಾಗುವ ಪ್ರಶ್ನೆ ಹಾಗಿರುವುದಿಲ್ಲ. ಒಂದು ವರ್ಚುವಲ್ ಮಷೀನಿನಲ್ಲಿ ವರ್ಷಗಟ್ಟಲೆ ಓಡಿದ ಮೈಎಸ್‌ಕ್ಯೂಎಲ್ ಡೇಟಾಬೇಸ್ ಇರುತ್ತದೆ, ಅದರ ಡೇಟಾ ಪ್ರತ್ಯೇಕವಾದ 200 ಜಿಬಿ ಡಿಸ್ಕಿನಲ್ಲಿ ಇರುತ್ತದೆ, ಮತ್ತು ಆ ಡಿಸ್ಕನ್ನು ಇದ್ದಂತೆಯೇ ಕ್ಲಸ್ಟರಿನೊಳಕ್ಕೆ ತರಬೇಕಾಗಿರುತ್ತದೆ. ಈ ಟಿಪ್ಪಣಿ ಅದನ್ನು ಕುರಿತದ್ದು. ಉದಾಹರಣೆಗೆ ಗೂಗಲ್ ಕ್ಲೌಡ್‌ನ ಮುಂಬೈ ರೀಜನ್, ಅಂದರೆ ಏಷ್ಯಾ-ಸೌತ್1 ಅನ್ನು ತೆಗೆದುಕೊಂಡಿದ್ದೇನೆ. ಡಿಸ್ಕ್ ಅದರ ‘ಎ’ ಝೋನ್‌ನಲ್ಲಿ (ರೀಜನ್ನಿನೊಳಗಿನ ಒಂದು ಪ್ರತ್ಯೇಕ ವಿಭಾಗದಲ್ಲಿ) ಇದೆ ಎಂದು ಭಾವಿಸಿ. ಅಮೆಜಾನ್ ಮತ್ತು ಅಜೂರ್‌ನಲ್ಲಿ ಬದಲಾಗುವ ಅಂಶಗಳನ್ನು ಕೊನೆಯಲ್ಲಿ ಹೇಳುತ್ತೇನೆ.

ಈ ಕೆಲಸದಲ್ಲಿ ನಿಜಕ್ಕೂ ಹೆದರಬೇಕಾದದ್ದು ದೋಷಸೂಚನೆಗೆ ಅಲ್ಲ, ದೋಷಸೂಚನೆ ಬಾರದಿರುವುದಕ್ಕೆ. ಕ್ಲೇಮ್ ಬೈಂಡ್ ಆಗಿರುತ್ತದೆ, ಅಂದರೆ ಅದಕ್ಕೊಂದು ಡಿಸ್ಕ್ ಗೊತ್ತಾಗಿರುತ್ತದೆ, ಪಾಡ್ ಓಡುತ್ತಿರುತ್ತದೆ, ಮೈಎಸ್‌ಕ್ಯೂಎಲ್ ಸಂಪರ್ಕಕ್ಕೂ ಸಿಗುತ್ತದೆ. ಆದರೆ ಒಳಗೆ ನಮ್ಮ ಒಂದು ಟೇಬಲ್ಲೂ ಇರುವುದಿಲ್ಲ. ಕ್ಲಸ್ಟರ್ ನಮ್ಮ ಡಿಸ್ಕನ್ನು ಮುಟ್ಟದೆ, ಹೊಸದೊಂದು ಖಾಲಿ ಡಿಸ್ಕನ್ನು ಸೃಷ್ಟಿಸಿ ಕೊಟ್ಟಿರುತ್ತದೆ. ಆದ್ದರಿಂದ ಮ್ಯಾನಿಫೆಸ್ಟ್ (ಕ್ಲಸ್ಟರಿಗೆ ಕೊಡುವ ವಿವರಣಾ ಕಡತ) ಬರೆಯುವಾಗ ಒಂದೇ ಗುರಿ ಇಟ್ಟುಕೊಳ್ಳಬೇಕು: ನಮ್ಮ ಡಿಸ್ಕ್ ಸಿಗದಿದ್ದರೆ ಬೇರೇನೂ ಸಿಗಬಾರದು, ಎಲ್ಲವೂ ಅಲ್ಲಿಯೇ ನಿಲ್ಲಬೇಕು.

ಮೊದಲು ಎರಡು ವಸ್ತುಗಳ ಪರಿಚಯ. ಪರ್ಸಿಸ್ಟೆಂಟ್ ವಾಲ್ಯೂಮ್, ಅಂದರೆ ಪಿವಿ, ಡಿಸ್ಕಲ್ಲ. ಡಿಸ್ಕಿನ ಬಗ್ಗೆ ಕ್ಲಸ್ಟರಿನಲ್ಲಿರುವ ದಾಖಲೆ. ಪಹಣಿಯನ್ನು ನೆನೆದುಕೊಂಡರೆ ಇದು ಬೇಗ ಅರ್ಥವಾಗುತ್ತದೆ. ಪಹಣಿಯಲ್ಲಿ ಸರ್ವೆ ನಂಬರ್ ಇರುತ್ತದೆ, ವಿಸ್ತೀರ್ಣ ಇರುತ್ತದೆ, ಯಾರ ಹೆಸರಿನಲ್ಲಿದೆ ಎಂಬುದಿರುತ್ತದೆ. ಹೊಲ ಮಾತ್ರ ಊರಾಚೆ ತನ್ನ ಪಾಡಿಗೆ ತಾನಿರುತ್ತದೆ. ಪರ್ಸಿಸ್ಟೆಂಟ್ ವಾಲ್ಯೂಮ್ ಕ್ಲೇಮ್, ಅಂದರೆ ಪಿವಿಸಿ, ಒಂದು ನೇಮ್‌ಸ್ಪೇಸ್‌ನೊಳಗಿನಿಂದ (ಕ್ಲಸ್ಟರಿನೊಳಗಿನ ಹೆಸರಿಟ್ಟ ವಿಭಾಗವೊಂದರಿಂದ) ಬರುವ ಅರ್ಜಿ. ಪಾಡ್ ಈ ಅರ್ಜಿಯ ಹೆಸರನ್ನು ಮಾತ್ರ ಬಲ್ಲದು. ಹೊಸ ಡಿಸ್ಕಿನ ಸಂದರ್ಭದಲ್ಲಿ ಅರ್ಜಿ ಮೊದಲು ಬಂದು, ದಾಖಲೆಯನ್ನು ಕ್ಲಸ್ಟರ್ ಬರೆಯುತ್ತದೆ. ಹಳೆಯ ಡಿಸ್ಕಿನ ಸಂದರ್ಭದಲ್ಲಿ ದಾಖಲೆಯನ್ನು ನಾವೇ ಕೈಯಾರೆ ಬರೆಯಬೇಕು. ಉಳಿದ ವ್ಯತ್ಯಾಸಗಳೆಲ್ಲ ಇಲ್ಲಿಂದಲೇ ಹುಟ್ಟುತ್ತವೆ.

ಕ್ಲಸ್ಟರಿನ ಕಡೆಗೆ ಹೋಗುವ ಮುನ್ನ ಹಳೆಯ ಮಷೀನಿನಲ್ಲಿ ಅರ್ಧ ಗಂಟೆ ಕಳೆಯುವುದು ಲಾಭದಾಯಕ. ಮೈಎಸ್‌ಕ್ಯೂಎಲ್ ಅನ್ನು ಸರಿಯಾಗಿ ನಿಲ್ಲಿಸಿ, ಡಿಸ್ಕಿನ ಸ್ನ್ಯಾಪ್‌ಶಾಟ್ ತೆಗೆದುಕೊಳ್ಳಿ; ಸ್ನ್ಯಾಪ್‌ಶಾಟ್ ಇಲ್ಲದೆ ಮುಂದಿನ ಯಾವ ಹೆಜ್ಜೆಯನ್ನೂ ಇಡಬೇಡಿ. ಆಮೇಲೆ ‘ಎಲ್‌ಎಸ್‌ಬಿಎಲ್‌ಕೆ’ ಆದೇಶವನ್ನು ‘-ಎಫ್’ ಆಯ್ಕೆಯೊಂದಿಗೆ ಓಡಿಸಿದರೆ ಎರಡು ಸಂಗತಿ ತಿಳಿಯುತ್ತವೆ: ಫೈಲ್‌ಸಿಸ್ಟಮ್ ಇಎಕ್ಸ್‌ಟಿ4 ಅಥವಾ ಎಕ್ಸ್‌ಎಫ್‌ಎಸ್ ಪೈಕಿ ಯಾವುದು, ಮತ್ತು ಅದು ಇಡೀ ಡಿಸ್ಕಿನ ಮೇಲೆ ನೇರವಾಗಿ ಇದೆಯೋ ಅಥವಾ ಪಾರ್ಟಿಶನ್ ಒಂದರೊಳಗೆ ಇದೆಯೋ. ಡೇಟಾ ಯಾವ ಡೈರೆಕ್ಟರಿಯಲ್ಲಿದೆ, ಫೈಲ್‌ಗಳ ಒಡೆತನದ ಸಂಖ್ಯೆ ಎಷ್ಟು, ಮೈಎಸ್‌ಕ್ಯೂಎಲ್‌ನ ಆವೃತ್ತಿ ಯಾವುದು ಎಂಬುದನ್ನೂ ಬರೆದಿಟ್ಟುಕೊಳ್ಳಿ. ಬಳಿಕ ಅನ್‌ಮೌಂಟ್ ಮಾಡಿ, ಡಿಸ್ಕನ್ನು ಮಷೀನಿನಿಂದ ಬೇರ್ಪಡಿಸಿ. ಆ ಮಷೀನನ್ನು ಮತ್ತೆ ಬಳಸುವುದಿದ್ದರೆ ಅದರ ‘ಎಫ್‌ಎಸ್‌ಟ್ಯಾಬ್’ ಕಡತದಲ್ಲಿರುವ ಸಾಲನ್ನೂ ತೆಗೆಯಬೇಕು. ಇಲ್ಲದಿದ್ದರೆ ಮುಂದಿನ ಸಲ ಬೂಟ್ ಆಗುವಾಗ ಅದು ಇಲ್ಲದ ಡಿಸ್ಕಿಗಾಗಿ ಕಾಯುತ್ತ ಕೂರಬಹುದು.

ಈಗ ಪಿವಿ. ಸಿಎಸ್‌ಐ (ಹೊರಗಿನ ಶೇಖರಣಾ ಡ್ರೈವರ್‌ಗಳಿಗಾಗಿ ಇರುವ ಇಂಟರ್‌ಫೇಸ್) ಎಂಬ ವಿಭಾಗದಲ್ಲಿ ಡ್ರೈವರ್‌ನ ಹೆಸರು ‘ಪಿಡಿ.ಸಿಎಸ್‌ಐ.ಸ್ಟೋರೇಜ್.ಜಿಕೆಇ.ಐಒ’ ಎಂದಿರಬೇಕು. ‘ವಾಲ್ಯೂಮ್‌ಹ್ಯಾಂಡಲ್’ ಎಂಬಲ್ಲಿ ಡಿಸ್ಕಿನ ಪೂರ್ತಿ ವಿಳಾಸ ಬರುತ್ತದೆ: ಮೊದಲು ಪ್ರಾಜೆಕ್ಟ್, ಅನಂತರ ಝೋನ್, ಕೊನೆಗೆ ಡಿಸ್ಕಿನ ಹೆಸರು, ನಡುನಡುವೆ ಓರೆಗೆರೆ. ಇದೇ ನಮ್ಮ ಸರ್ವೆ ನಂಬರ್. ಇಲ್ಲಿ ಒಂದಕ್ಷರ ತಪ್ಪಿದರೂ ಪಿವಿ ಸೃಷ್ಟಿಯಾಗುತ್ತದೆ, ಕ್ಲೇಮ್ ಕೂಡ ಬೈಂಡ್ ಆಗುತ್ತದೆ, ಪಾಡ್ ಡಿಸ್ಕನ್ನು ಕೇಳುವ ಹೊತ್ತಿಗೆ ಮಾತ್ರ ತಪ್ಪು ಬಯಲಾಗುತ್ತದೆ. ‘ಕೆಪಾಸಿಟಿ’ ಎಂಬಲ್ಲಿ ಬರೆಯುವ ಗಾತ್ರವನ್ನು ನಿಜವಾದ ಡಿಸ್ಕಿನೊಂದಿಗೆ ಯಾರೂ ಅಳೆದು ನೋಡುವುದಿಲ್ಲ. ಅದು ಕ್ಲೇಮ್‌ನೊಂದಿಗೆ ಹೊಂದಾಣಿಕೆ ಮಾಡಲು ಬಳಸುವ ಸಂಖ್ಯೆ ಅಷ್ಟೆ. ಸುಳ್ಳು ಬರೆದರೆ ಕ್ಲಸ್ಟರ್ ನಂಬುತ್ತದೆ, ಡಿಸ್ಕ್ ಹಿಗ್ಗುವುದಿಲ್ಲ. ‘ಪರ್ಸಿಸ್ಟೆಂಟ್‌ವಾಲ್ಯೂಮ್‌ರಿಕ್ಲೇಮ್‌ಪಾಲಿಸಿ’ಗೆ ‘ರಿಟೇನ್’ ಎಂದು ಬರೆಯಿರಿ. ಕೈಯಾರೆ ಮಾಡಿದ ಪಿವಿಗಳಿಗೆ ಪೂರ್ವನಿಯೋಜಿತ ಮೌಲ್ಯವೂ ಅದೇ, ಆದರೂ ಬರೆದೇ ಬಿಡುವುದು ಒಳ್ಳೆಯದು, ಏಕೆಂದರೆ ಅಲ್ಲಿ ‘ಡಿಲೀಟ್’ ಎಂದಿದ್ದರೆ ಕ್ಲೇಮ್ ಅಳಿಸಿದ ಕೂಡಲೇ ಡ್ರೈವರ್ ಕ್ಲೌಡ್‌ನಲ್ಲಿರುವ ಡಿಸ್ಕನ್ನೇ ಅಳಿಸಿಬಿಡಬಹುದು. ಪಹಣಿ ಹರಿದರೆ ಹೊಲ ಹೋಗುವುದಿಲ್ಲ ಎಂಬ ನಮ್ಮ ಹೋಲಿಕೆ ಸೋಲುವ ಜಾಗ ಇದೊಂದೇ.

ಝೋನ್ ವಿಷಯದಲ್ಲಿ ಹೊಸಬರು ಎಡವುವುದು ಸಾಮಾನ್ಯ. ಸಾಧಾರಣ ಪರ್ಸಿಸ್ಟೆಂಟ್ ಡಿಸ್ಕ್ ಒಂದೇ ಝೋನ್‌ಗೆ ಸೇರಿದ್ದು, ಬೇರೆ ಝೋನ್‌ನ ನೋಡ್‌ಗೆ, ಅಂದರೆ ಕ್ಲಸ್ಟರಿನ ಮಷೀನಿಗೆ, ಅದನ್ನು ಜೋಡಿಸಲು ಬರುವುದಿಲ್ಲ. ಕ್ಲಸ್ಟರ್ ಮೂರು ಝೋನ್‌ಗಳಲ್ಲಿ ಹರಡಿದ್ದರೆ, ಕೈಯಾರೆ ಬರೆದ ಪಿವಿ ಯಾವ ಝೋನ್‌ನದೆಂದು ಶೆಡ್ಯೂಲರ್‌ಗೆ (ಪಾಡ್ ಯಾವ ನೋಡ್‌ನಲ್ಲಿ ಓಡಬೇಕೆಂದು ನಿರ್ಧರಿಸುವ ಭಾಗಕ್ಕೆ) ತಾನಾಗಿ ತಿಳಿಯುವುದಿಲ್ಲ. ವಾಲ್ಯೂಮ್‌ಹ್ಯಾಂಡಲ್‌ನಲ್ಲಿ ಝೋನ್‌ನ ಹೆಸರಿದ್ದರೂ ಅದನ್ನು ಓದುವುದು ಡ್ರೈವರ್, ಶೆಡ್ಯೂಲರ್ ಅಲ್ಲ. ಆದ್ದರಿಂದ ಪಿವಿಯಲ್ಲಿ ‘ನೋಡ್‌ಅಫಿನಿಟಿ’ ಎಂಬ ವಿಭಾಗ ಬರೆದು, ‘ಟೋಪಾಲಜಿ.ಜಿಕೆಇ.ಐಒ/ಝೋನ್’ ಎಂಬ ಕೀಲಿಗೆ ‘ಏಷ್ಯಾ-ಸೌತ್1-ಎ’ ಎಂಬ ಮೌಲ್ಯ ಕೊಡಬೇಕು. ಹಾಗೆ ಬರೆದ ಮೇಲೂ ‘ಎ’ ಝೋನ್‌ನಲ್ಲಿ ನೋಡ್ ಇಲ್ಲದಿದ್ದರೆ ಪಾಡ್ ‘ಪೆಂಡಿಂಗ್’ ಆಗಿಯೇ ಉಳಿದು, ವಾಲ್ಯೂಮ್ ನೋಡ್ ಅಫಿನಿಟಿ ಕಾನ್‌ಫ್ಲಿಕ್ಟ್ ಎಂಬ ಸೂಚನೆ ತೋರಿಸುತ್ತದೆ. ಅದು ಒಳ್ಳೆಯ ಸೂಚನೆ, ಕಾರಣ ನೇರವಾಗಿ ತಿಳಿಯುತ್ತದೆ. ಡಿಸ್ಕನ್ನೇ ಬೇರೆ ಝೋನ್‌ಗೆ ಒಯ್ಯಬೇಕಾದರೆ ಆಗಲೇ ತೆಗೆದ ಸ್ನ್ಯಾಪ್‌ಶಾಟ್‌ನಿಂದ ಅಲ್ಲಿ ಹೊಸ ಡಿಸ್ಕ್ ಮಾಡಿಕೊಳ್ಳಬಹುದು.

ಇನ್ನು ಪಿವಿಸಿ. ಈ ಟಿಪ್ಪಣಿಯನ್ನು ಓದುವವರು ಒಂದೇ ಪ್ಯಾರಾ ಓದುವುದಾದರೆ ಇದನ್ನೇ ಓದಲಿ. ಕ್ಲೇಮ್‌ನಲ್ಲಿ ‘ಸ್ಟೋರೇಜ್‌ಕ್ಲಾಸ್‌ನೇಮ್’ ಎಂಬ ಸಾಲನ್ನು ಬರೆಯದೇ ಬಿಡುವುದು ಒಂದು, ಬರೆದು ಅದರ ಮುಂದೆ ಏನೂ ಇಲ್ಲದ ಜೋಡಿ ಉದ್ಧರಣ ಚಿಹ್ನೆ ಹಾಕುವುದು ಇನ್ನೊಂದು. ನೋಟಕ್ಕೆ ಎರಡೂ ‘ಏನೂ ಇಲ್ಲ’ ಎಂದೇ ಕಾಣುತ್ತವೆ, ಅರ್ಥದಲ್ಲಿ ಅವು ಒಂದಕ್ಕೊಂದು ವಿರುದ್ಧ. ಸಾಲೇ ಇಲ್ಲದಿದ್ದರೆ, ಬಳಕೆದಾರರಿಗೆ ಯಾವುದಾದರೂ ಆಗಬಹುದು ಎಂದು ಭಾವಿಸಿ ಕ್ಲಸ್ಟರ್ ತನ್ನ ಡೀಫಾಲ್ಟ್ ಸ್ಟೋರೇಜ್ ಕ್ಲಾಸ್‌ನ (ಹೊಸ ಡಿಸ್ಕ್ ಹೇಗಿರಬೇಕೆಂದು ಹೇಳುವ ನಮೂನೆಯ) ಹೆಸರನ್ನು ಅಲ್ಲಿ ತುಂಬುತ್ತದೆ. ಆಗ ಕ್ಲಾಸ್ ಇಲ್ಲದ ನಮ್ಮ ಪಿವಿಗೂ ಕ್ಲಾಸ್ ಇರುವ ಈ ಕ್ಲೇಮ್‌ಗೂ ಹೊಂದಿಕೆಯಾಗದೆ, ಕ್ಲಾಸ್ ತನ್ನ ಕೆಲಸ ಮಾಡುತ್ತದೆ: ಹೊಸ ಡಿಸ್ಕ್ ಹುಟ್ಟುತ್ತದೆ. ಖಾಲಿ ಉದ್ಧರಣ ಚಿಹ್ನೆ ಇದ್ದರೆ ‘ಯಾವ ಕ್ಲಾಸೂ ಬೇಡ, ಈಗಾಗಲೇ ಇರುವ ಪಿವಿಯನ್ನೇ ಕೊಡು’ ಎಂದರ್ಥ. ಹೊಂದುವ ಪಿವಿ ಸಿಗದಿದ್ದರೆ ಕ್ಲೇಮ್ ಕಾಯುತ್ತದೆ, ಡಿಸ್ಕ್ ಹುಟ್ಟುವುದಿಲ್ಲ. ನಮಗೆ ಬೇಕಾಗಿದ್ದ ‘ಅಲ್ಲಿಯೇ ನಿಲ್ಲುವ’ ಗುಣ ಇದೇ.

ಇದಕ್ಕೆ ಇನ್ನೆರಡು ಗಂಟು ಹಾಕಬೇಕು. ಕ್ಲೇಮ್‌ನಲ್ಲಿ ‘ವಾಲ್ಯೂಮ್‌ನೇಮ್’ ಎಂದು ನಮ್ಮ ಪಿವಿಯ ಹೆಸರನ್ನು ಬರೆದರೆ, ಆ ಹೆಸರಿನ ಪಿವಿ ಬರುವವರೆಗೆ ಕ್ಲೇಮ್ ಬೇರೆಯದನ್ನು ಒಪ್ಪುವುದಿಲ್ಲ. ಆದರೆ ಅದಷ್ಟೇ ಸಾಲದು, ಏಕೆಂದರೆ ನಮ್ಮ ಕ್ಲೇಮ್ ಬರುವುದರೊಳಗೆ ಇನ್ನೊಂದು ನೇಮ್‌ಸ್ಪೇಸ್‌ನ ಯಾವುದೋ ಕ್ಲೇಮ್ ಈ ಪಿವಿಯನ್ನು ತನ್ನದಾಗಿಸಿಕೊಳ್ಳಬಹುದು. 10 ಜಿಬಿ ಕೇಳಿದ ಕ್ಲೇಮ್‌ಗೂ 200 ಜಿಬಿಯ ಪಿವಿ ಇಡಿಯಾಗಿ ಹೋಗುತ್ತದೆ, ಪಾಲು ಮಾಡಿ ಕೊಡುವ ಪದ್ಧತಿ ಇಲ್ಲಿಲ್ಲ. ಅದನ್ನು ತಡೆಯಲು ಪಿವಿಯಲ್ಲಿ ‘ಕ್ಲೇಮ್‌ರೆಫ್’ ಎಂದು ಕ್ಲೇಮ್‌ನ ನೇಮ್‌ಸ್ಪೇಸ್ ಮತ್ತು ಹೆಸರನ್ನು ಮೊದಲೇ ನಮೂದಿಸಬೇಕು. ಎರಡೂ ಕಡೆ ಒಂದರ ಹೆಸರು ಇನ್ನೊಂದರಲ್ಲಿದ್ದರೆ ಮೂರನೆಯವರಿಗೆ ಅವಕಾಶವಿಲ್ಲ.

ಖಾಲಿ ಕ್ಲಾಸ್‌ಗೆ ಒಂದು ಬೆಲೆಯುಂಟು. ಮುಂದೆ ಕ್ಲೇಮ್‌ನ ಗಾತ್ರವನ್ನು ಬದಲಿಸಿ ಡಿಸ್ಕನ್ನು ದೊಡ್ಡದು ಮಾಡಬೇಕೆಂದರೆ, ವಿಸ್ತರಣೆಗೆ ಅನುಮತಿ ಇರುವ ಸ್ಟೋರೇಜ್ ಕ್ಲಾಸ್ ಒಂದು ಇರಲೇಬೇಕು. ಡಿಸ್ಕ್ ಬೆಳೆಯುವುದೆಂದು ಗೊತ್ತಿದ್ದರೆ ಪಿವಿ ಮತ್ತು ಪಿವಿಸಿ ಎರಡರಲ್ಲೂ ‘ಸ್ಟ್ಯಾಂಡರ್ಡ್-ಆರ್‌ಡಬ್ಲ್ಯುಒ’ದಂಥ ಒಂದೇ ಕ್ಲಾಸ್‌ನ ಹೆಸರನ್ನು ಬರೆಯಬಹುದು, ಆಗ ವಾಲ್ಯೂಮ್‌ನೇಮ್ ಮತ್ತು ಕ್ಲೇಮ್‌ರೆಫ್ ಎರಡನ್ನೂ ಬಿಡುವಂತೆಯೇ ಇಲ್ಲ. ಮೊದಲ ಸಲ ಮಾಡುವವರು ಖಾಲಿ ಕ್ಲಾಸ್‌ನಲ್ಲೇ ಮಾಡಲಿ ಎಂಬುದು ನನ್ನ ಅಭಿಪ್ರಾಯ.

ಬೈಂಡ್ ಆದ ತಕ್ಷಣ ಮೈಎಸ್‌ಕ್ಯೂಎಲ್ ಏರಿಸುವ ಆತುರ ಬೇಡ. ಬಿಝಿಬಾಕ್ಸ್‌ನ (ಸಣ್ಣ ಲಿನಕ್ಸ್ ಉಪಕರಣಗಳ ಕಟ್ಟು) ಒಂದು ಸಣ್ಣ ಪಾಡ್ ಮಾಡಿ, ಕ್ಲೇಮ್ ಅನ್ನು ಅದರೊಳಗೆ ಓದಲು ಮಾತ್ರ ಬರುವಂತೆ ಮೌಂಟ್ ಮಾಡಿ, ಫೈಲ್‌ಗಳ ಪಟ್ಟಿ ನೋಡಿ. ‘ಫಾರ್ಮ್ಯಾಟ್ ಆಗಿಬಿಟ್ಟರೆ?’ ಎಂಬ ಭಯ ಎಲ್ಲರಿಗೂ ಇರುತ್ತದೆ. ಮೌಂಟ್ ಮಾಡುವ ಮೊದಲು ಡಿಸ್ಕಿನಲ್ಲಿ ಫೈಲ್‌ಸಿಸ್ಟಮ್‌ನ ಗುರುತಿದೆಯೇ ಎಂದು ಪರೀಕ್ಷೆ ನಡೆಯುತ್ತದೆ. ಏನೂ ಕಾಣದಿದ್ದರೆ ಮಾತ್ರ ಫಾರ್ಮ್ಯಾಟ್. ಪಿವಿಯಲ್ಲಿ ಇಎಕ್ಸ್‌ಟಿ4 ಎಂದು ಬರೆದು ಡಿಸ್ಕಿನಲ್ಲಿ ಎಕ್ಸ್‌ಎಫ್‌ಎಸ್ ಇದ್ದರೆ ಮೌಂಟ್ ವಿಫಲವಾಗುತ್ತದೆ, ಡೇಟಾ ಅಳಿಯುವುದಿಲ್ಲ. ಪಾರ್ಟಿಶನ್ ಟೇಬಲ್ ಇರುವ ಡಿಸ್ಕನ್ನೂ ಡ್ರೈವರ್ ಫಾರ್ಮ್ಯಾಟ್ ಮಾಡದೆ, ಮೌಂಟ್ ಮಾಡಲು ಹೋಗಿ ಸೋಲುತ್ತದೆ. ಅಂಥ ಡಿಸ್ಕಿಗೆ ಪಿವಿಯ ‘ವಾಲ್ಯೂಮ್‌ಆಟ್ರಿಬ್ಯೂಟ್ಸ್’ ವಿಭಾಗದಲ್ಲಿ ‘ಪಾರ್ಟಿಶನ್’ ಎಂದು ಬರೆದು ಅದರ ಸಂಖ್ಯೆಯನ್ನು ಕೊಡಬೇಕು.

ಪಟ್ಟಿ ಸರಿಯಿದ್ದರೆ ಆ ಪಾಡ್ ಅಳಿಸಿ ಮೈಎಸ್‌ಕ್ಯೂಎಲ್ ಕಡೆಗೆ ಬನ್ನಿ. ಪಾಡ್‌ಗಳನ್ನು ಎಬ್ಬಿಸಿ ನೋಡಿಕೊಳ್ಳುವ ಡಿಪ್ಲಾಯ್‌ಮೆಂಟ್ ಬಳಸುವುದಿದ್ದರೆ ಅದರ ಕ್ರಮವನ್ನು ‘ರೀಕ್ರಿಯೇಟ್’ ಎಂದು ಬದಲಿಸಿ. ಪೂರ್ವನಿಯೋಜಿತವಾದ ರೋಲಿಂಗ್ ಅಪ್‌ಡೇಟ್‌ನಲ್ಲಿ ಹಳೆಯ ಪಾಡ್ ಇರುವಾಗಲೇ ಹೊಸದು ಏಳುತ್ತದೆ. ಅದು ಬೇರೆ ನೋಡ್‌ನಲ್ಲಿ ಎದ್ದರೆ ಡಿಸ್ಕ್ ಸಿಗದೆ ಮಲ್ಟಿ-ಅಟ್ಯಾಚ್ ದೋಷ ಬರುತ್ತದೆ. ಅದೇ ನೋಡ್‌ನಲ್ಲಿ ಎದ್ದರೆ ಇನ್ನೂ ಅಪಾಯ. ಇಂಥ ಡಿಸ್ಕಿನ ಬಳಕೆಯ ವಿಧಾನವಾದ (ಆಕ್ಸೆಸ್ ಮೋಡ್) ‘ರೀಡ್‌ರೈಟ್‌ಒನ್ಸ್’ ಎಂಬ ಹೆಸರು ಒಂದೇ ಪಾಡ್ ಎಂಬ ಭ್ರಮೆ ಹುಟ್ಟಿಸಿದರೂ ಅದರ ಅರ್ಥ ಒಂದೇ ನೋಡ್ ಎಂದು, ಹಾಗಾಗಿ ಎರಡು ಮೈಎಸ್‌ಕ್ಯೂಎಲ್‌ಗಳು ಒಂದೇ ಡೈರೆಕ್ಟರಿಯ ಮುಂದೆ ನಿಲ್ಲಲು ಕುಬರ್ನೆಟೀಸ್ ಬಿಡುತ್ತದೆ. ಒಂದೇ ಪಾಡ್ ಎಂಬ ಕಟ್ಟುನಿಟ್ಟು ಬೇಕಾದರೆ ಕುಬರ್ನೆಟೀಸ್ 1.29ರಲ್ಲಿ ಸ್ಥಿರವಾದ ‘ರೀಡ್‌ರೈಟ್‌ಒನ್ಸ್‌ಪಾಡ್’ ಇದೆ. ಪ್ರತಿ ಪಾಡ್‌ಗೂ ತನ್ನದೇ ಕ್ಲೇಮ್ ಕೊಡುವ ಸ್ಟೇಟ್‌ಫುಲ್‌ಸೆಟ್ ಆದರೆ ಕ್ಲೇಮ್‌ನ ಹೆಸರು ಟೆಂಪ್ಲೇಟ್, ಸೆಟ್ ಮತ್ತು ಕ್ರಮಸಂಖ್ಯೆ ಸೇರಿ ‘ಡೇಟಾ-ಮೈಎಸ್‌ಕ್ಯೂಎಲ್-0’ ಎಂಬಂತೆ ರೂಪುಗೊಳ್ಳುತ್ತದೆ. ಆ ಹೆಸರಿನ ಕ್ಲೇಮ್ ಅನ್ನು ಮೊದಲೇ ಮಾಡಿಟ್ಟರೆ ಸೆಟ್ ಅದನ್ನೇ ಬಳಸಿಕೊಳ್ಳುತ್ತದೆ.

ಡಿಸ್ಕ್ ಸರಿಯಾದದ್ದೇ ಆಗಿ, ಡೈರೆಕ್ಟರಿ ತಪ್ಪಿದರೂ ಖಾಲಿ ಡೇಟಾಬೇಸ್ ಕಾಣಬಹುದು. ಹಳೆಯ ಮಷೀನಿನಲ್ಲಿ ಡೇಟಾ ಡಿಸ್ಕಿನ ಬೇರಿನಲ್ಲಿ (ರೂಟ್ ಡೈರೆಕ್ಟರಿಯಲ್ಲಿ) ಇರದೆ ‘ಮೈಎಸ್‌ಕ್ಯೂಎಲ್’ ಎಂಬ ಉಪಡೈರೆಕ್ಟರಿಯಲ್ಲಿ ಇದ್ದಿರಬಹುದು. ಆಗ ಮೌಂಟ್‌ನಲ್ಲಿ ‘ಸಬ್‌ಪಾತ್’ ಕೊಡಬೇಕು, ಅದರಲ್ಲೂ ಅಕ್ಷರ ತಪ್ಪಬಾರದು. ಇದನ್ನು ಪತ್ತೆಹಚ್ಚಲು ಒಂದು ಸುಲಭ ಉಪಾಯವಿದೆ. ಅಧಿಕೃತ ಮೈಎಸ್‌ಕ್ಯೂಎಲ್ ಇಮೇಜ್ ಡೇಟಾ ಇರುವ ಡೈರೆಕ್ಟರಿಯನ್ನು ಕಂಡರೆ, ಎನ್‌ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಕೊಟ್ಟ ರೂಟ್ ಪಾಸ್‌ವರ್ಡ್ ಅನ್ನು ಗಮನಿಸುವುದಿಲ್ಲ, ಹಳೆಯ ಪಾಸ್‌ವರ್ಡೇ ನಡೆಯುತ್ತದೆ. ಆದ್ದರಿಂದ ಆ ವೇರಿಯಬಲ್‌ನಲ್ಲಿ ಬೇಕೆಂದೇ ಬೇರೆ ಪಾಸ್‌ವರ್ಡ್ ಇಡಿ. ಹೊಸದು ಕೆಲಸ ಮಾಡಿತೆಂದರೆ ಸಂತೋಷಪಡಬೇಡಿ, ನೀವು ಹೊಸ ಮನೆಯಲ್ಲಿ ನಿಂತಿದ್ದೀರಿ. ಇಮೇಜ್‌ನ ಆವೃತ್ತಿ ಹಳೆಯದರದೇ ಆಗಿರಲಿ, 8.0ರ ಸರ್ವರ್ ಒಮ್ಮೆ ಡೇಟಾವನ್ನು ಮೇಲ್ದರ್ಜೆಗೆ ಏರಿಸಿದರೆ 5.7ಕ್ಕೆ ಇಳಿಯುವ ದಾರಿ ಇಲ್ಲ.

ಒಡೆತನದ ಸಂಖ್ಯೆ ಬೇರೆಯಾಗಿದ್ದರೆ ಅನುಮತಿಯ ದೋಷ ಬರುತ್ತದೆ. ಪಾಡ್‌ನ ‘ಎಫ್‌ಎಸ್‌ಗ್ರೂಪ್’ ಅದಕ್ಕೊಂದು ಪರಿಹಾರ, ಆದರೆ ಅದು ಪ್ರತಿ ಮೌಂಟ್‌ನಲ್ಲೂ ಎಲ್ಲ ಫೈಲ್‌ಗಳ ಗುಂಪನ್ನು ಬದಲಿಸುತ್ತ ಹೋಗುವುದರಿಂದ ಲಕ್ಷಗಟ್ಟಲೆ ಫೈಲ್ ಇರುವ ಡಿಸ್ಕಿನಲ್ಲಿ ಪಾಡ್ ಬಹಳ ಹೊತ್ತು ಏಳುವುದೇ ಇಲ್ಲ. ಅದರ ಬದಲಾವಣೆಯ ನೀತಿಯನ್ನು ‘ಆನ್‌ರೂಟ್‌ಮಿಸ್‌ಮ್ಯಾಚ್’ ಎಂದಿಟ್ಟರೆ, ಬೇರಿನ ಡೈರೆಕ್ಟರಿ ಸರಿಯಿದ್ದಾಗ ಈ ಕೆಲಸವನ್ನು ಬಿಟ್ಟುಬಿಡುತ್ತದೆ.

ಪ್ರಯೋಗದ ನಡುವೆ ಕ್ಲೇಮ್ ಅಳಿಸಿ ಮತ್ತೆ ಮಾಡಿದರೆ, ಹೆಸರು ಅದೇ ಆಗಿದ್ದರೂ ಅದು ಬೈಂಡ್ ಆಗುವುದಿಲ್ಲ. ‘ರಿಟೇನ್’ ಇರುವ ಪಿವಿ ಈಗ ‘ರಿಲೀಸ್ಡ್’ ಸ್ಥಿತಿಯಲ್ಲಿರುತ್ತದೆ ಮತ್ತು ಅದರ ಕ್ಲೇಮ್‌ರೆಫ್‌ನಲ್ಲಿ ಹಳೆಯ ಕ್ಲೇಮ್‌ನ ಯುಐಡಿ (ಕ್ಲಸ್ಟರ್ ಕೊಟ್ಟ ವಿಶಿಷ್ಟ ಗುರುತು) ಉಳಿದಿರುತ್ತದೆ. ಸತ್ತವರ ಹೆಸರಿನಲ್ಲೇ ಉಳಿದ ಖಾತೆಯಂತೆ. ಪಿವಿಯನ್ನು ಎಡಿಟ್ ಮಾಡಿ ಆ ಯುಐಡಿಯ ಸಾಲನ್ನು ಮಾತ್ರ ತೆಗೆದರೆ ಹೆಸರಿನ ಕಾಯ್ದಿರಿಸುವಿಕೆ ಉಳಿದು, ಹೊಸ ಕ್ಲೇಮ್ ಬೈಂಡ್ ಆಗುತ್ತದೆ. ಪಿವಿಯನ್ನೇ ಅಳಿಸಿ ಮತ್ತೆ ಬರೆದರೂ ನಡೆದೀತು, ಅದರ ಪಾಲಿಸಿ ‘ರಿಟೇನ್’ ಎಂದು ಎರಡು ಸಲ ನೋಡಿಕೊಂಡ ಮೇಲೆ.

ಅಮೆಜಾನ್‌ನಲ್ಲಿ ಡ್ರೈವರ್ ‘ಇಬಿಎಸ್.ಸಿಎಸ್‌ಐ.ಎಡಬ್ಲ್ಯುಎಸ್.ಕಾಮ್’, ಹ್ಯಾಂಡಲ್ ಎಂದರೆ ‘ವಾಲ್’ ಎಂದು ಆರಂಭವಾಗುವ ವಾಲ್ಯೂಮ್ ಐಡಿ. ಅದರಲ್ಲಿ ಝೋನ್‌ನ ಸುಳಿವೇ ಇಲ್ಲದ್ದರಿಂದ ನೋಡ್‌ಅಫಿನಿಟಿ ಇನ್ನಷ್ಟು ಮುಖ್ಯ. ಅಜೂರ್‌ನಲ್ಲಿ ಹ್ಯಾಂಡಲ್ ಸಬ್‌ಸ್ಕ್ರಿಪ್ಶನ್‌ನಿಂದ ಹಿಡಿದು ಡಿಸ್ಕಿನ ಹೆಸರಿನವರೆಗಿನ ಉದ್ದನೆಯ ರಿಸೋರ್ಸ್ ಐಡಿ, ಮತ್ತು ಡಿಸ್ಕ್ ಕ್ಲಸ್ಟರಿನ ನೋಡ್‌ಗಳ ರಿಸೋರ್ಸ್ ಗ್ರೂಪ್‌ನಿಂದ ಹೊರಗಿದ್ದರೆ ಆ ಗ್ರೂಪಿನ ಮೇಲೆ ಕ್ಲಸ್ಟರಿನ ಗುರುತಿಗೆ ಅನುಮತಿ ಕೊಡಬೇಕು. ಹುಡುಕಿದಾಗ ಸಿಗುವ ಹಳೆಯ ಉದಾಹರಣೆಗಳಲ್ಲಿ ‘ಜಿಸಿಇಪರ್ಸಿಸ್ಟೆಂಟ್‌ಡಿಸ್ಕ್’, ‘ಎಡಬ್ಲ್ಯುಎಸ್‌ಎಲಾಸ್ಟಿಕ್‌ಬ್ಲಾಕ್‌ಸ್ಟೋರ್’ ಎಂಬ ವಿಭಾಗಗಳು ಕಂಡರೆ, ಅವು ಡ್ರೈವರ್‌ಗಳು ಕುಬರ್ನೆಟೀಸ್‌ನ ಮೂಲ ಕೋಡ್‌ನೊಳಗೇ ಇದ್ದ ಕಾಲದವು, ಸಿಎಸ್‌ಐ ಕುಬರ್ನೆಟೀಸ್ 1.13ರಲ್ಲೇ ಸ್ಥಿರವಾಗಿರುವುದರಿಂದ ಹೊಸದಾಗಿ ಬರೆಯುವವರು ಆ ರೂಪವನ್ನು ನಕಲು ಮಾಡುವ ಅಗತ್ಯವಿಲ್ಲ.