ಜಿಲ್ಲಾ ಕೇಂದ್ರನೂ ಅಲ್ಲದ ಹುಬ್ಬಳ್ಳಿ ಉತ್ತರ ಕರ್ನಾಟಕದ ರಾಜಧಾನಿ ಆಗಿದ್ದು ಹೆಂಗ?

ಸರ್ಕಾರಿ ಕಾಗದ ತಗದು ನೋಡಿದ್ರ ಹುಬ್ಬಳ್ಳಿಗೆ ಹೇಳಿಕೊಳ್ಳುವಂಥ ಪದವಿ ಏನೂ ಇಲ್ಲ ನೋಡ್ರಿ. ಜಿಲ್ಲಾ ಕೇಂದ್ರ ಧಾರವಾಡ, ಡಿಸಿ ಆಫೀಸು ಅಲ್ಲೆ, ಕರ್ನಾಟಕ ಯೂನಿವರ್ಸಿಟಿ ಅಲ್ಲೆ, ಹೈಕೋರ್ಟ್ ಪೀಠ ಅಲ್ಲೆ, ಐಐಟಿನೂ ಅಲ್ಲೆ. ವಿಭಾಗದ ಕೇಂದ್ರ ಬೆಳಗಾವಿ, ಸುವರ್ಣ ವಿಧಾನಸೌಧ ಇರೋದೂ ಬೆಳಗಾವಿ, ಚಳಿಗಾಲ ಬಂತಂದ್ರ ಇಡೀ ಸರ್ಕಾರ ಗಂಟುಮೂಟಿ ಕಟ್ಕೊಂಡು ಹೋಗೋದೂ ಅಲ್ಲಿಗೇ. ಆದ್ರ ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟಿ, ಯಲ್ಲಾಪುರ ಕಡೆ ಯಾರನ್ನರ ಕೇಳ್ರಿ, ಮದುವಿ ಜವಳಿ ಎಲ್ಲಿ ತಗೊಂಡ್ರಿ, ಪೇಶಂಟ್‌ನ ಎಲ್ಲಿಗೆ ಕರಕೊಂಡು ಹೋದ್ರಿ, ಅಂಗಡಿಗೆ ಮಾಲು ಎಲ್ಲಿಂದ ತರ್ತೀರಿ ಅಂತ. ಹುಬ್ಬಳ್ಳಿ ಅಂತಾರ. ಹಂಗಂತ ಯಾವ ಸರ್ಕಾರನೂ ಆದೇಶ ಹೊರಡಿಸಿಲ್ಲ.

ಆಫೀಸು ಒಂದೂರಾಗ, ವ್ಯಾಪಾರ ಇನ್ನೊಂದೂರಾಗ ಅನ್ನೋ ಈ ಪಾಲು ಭಾಳ ಹಳೇದು. ಹಳೇ ಹುಬ್ಬಳ್ಳಿನ ರಾಯರ ಹುಬ್ಬಳ್ಳಿ ಅಂತಿದ್ರು, ವಿಜಯನಗರದ ಕಾಲದಾಗನ ಹತ್ತಿ, ಕಬ್ಬಿಣ, ಪೆಟ್ಲುಪ್ಪಿನ ವ್ಯಾಪಾರಕ್ಕ ಹೆಸರಾಗಿತ್ತು. 17ನೇ ಶತಮಾನದಾಗ ಇಂಗ್ಲಿಷರು ಇಲ್ಲೆ ವ್ಯಾಪಾರದ ಕೋಠಿ ಇಟ್ಟಿದ್ರು, 1673ರ ಸುಮಾರಿಗೆ ಶಿವಾಜಿಯ ಸೈನ್ಯ ಬಂದು ಅದನ್ನ ಲೂಟಿ ಮಾಡ್ತು. (ಲೂಟಿಗೆ ಬರ್ತಾರಂದ್ರ ಊರಾಗ ಏನೋ ಇತ್ತು ಅಂತನ ಅಲ್ರಿ.) ಮುಂದ ಸವಣೂರು ನವಾಬರ ಕಾಲದಾಗ ಬಸಪ್ಪ ಶೆಟ್ಟಿ ಅನ್ನೋ ವ್ಯಾಪಾರಸ್ಥ ಕಿಲ್ಲಾದ ಸುತ್ತ ಹೊಸ ಪ್ಯಾಟಿ ಕಟ್ಟಿಸಿದ, ಈಗಿನ ದುರ್ಗದಬೈಲ್ ಅದೇ ಜಾಗ. ಅಂದ್ರ ಹೊಸ ಹುಬ್ಬಳ್ಳಿನ ಕಟ್ಟಿದ್ದು ರಾಜ ಅಲ್ಲ, ಶೆಟ್ಟರು. ಪೇಶ್ವೆ ಆಳ್ವಿಕೆ ಮುಗಿದು ಬ್ರಿಟಿಷರು ಬಂದ ಮ್ಯಾಲೆ ಕಲೆಕ್ಟರ್ ಸಾಹೇಬರು ಕುಂತಿದ್ದು ಧಾರವಾಡದಾಗ. ಅಲ್ಲೆ ಮಳಿ, ಗಿಡ, ತಂಪು ಹವಾ, ಕಚೇರಿ, ಸಾಲಿ, ವಕೀಲರು. 20 ಕಿಲೋಮೀಟರ್ ಈ ಕಡೆ ಹುಬ್ಬಳ್ಳಿಯಾಗ ಧೂಳು, ಚಕ್ಕಡಿ, ದಲಾಲಿ ಅಂಗಡಿ.

ಆ ಧೂಳಿನಾಗ ರೊಕ್ಕ ಇತ್ತು. ಕರಿಮಣ್ಣಿನ ಸೀಮಿ ಹತ್ತಿ ಎಲ್ಲಾ ಹುಬ್ಬಳ್ಳಿಗೆ ಬಂದು ಇಲ್ಲಿಂದ ಚಕ್ಕಡಿ ಮ್ಯಾಲೆ ಘಟ್ಟ ಇಳದು ಕುಮಟಾ ಬಂದರಕ್ಕ ಹೋಗ್ತಿತ್ತು, ಮುಂಬೈ ಪ್ಯಾಟಿಯಾಗ ಇದಕ್ಕ ಕುಮಟಾ ಹತ್ತಿ ಅಂತನ ಹೆಸರು, ಬೆಳದ ರೈತನ ಊರಿನ ಹೆಸರು ಯಾರಿಗೆ ಬೇಕಾಗಿತ್ತು. 1861ರಿಂದ 1865ರ ತನಕ ಅಮೆರಿಕದಾಗ ಅಂತರ್ಯುದ್ಧ ನಡದು ಅಲ್ಲಿಯ ಹತ್ತಿ ಮ್ಯಾಂಚೆಸ್ಟರಿಗೆ ಹೋಗೋದು ನಿಂತಾಗ ನಮ್ಮ ಹತ್ತಿಗೆ ಬಂಗಾರದ ರೇಟು ಬಂತು. ಮ್ಯಾಂಚೆಸ್ಟರ್ ಮಂದಿ ಆಗಲೇ ಕಾರವಾರ ಬಂದರು ಬೆಳಸ್ರಿ, ರಸ್ತಾ ಮಾಡ್ರಿ, ರೈಲು ಹಾಕ್ರಿ ಅಂತ ಬೆನ್ನು ಬಿದ್ದಿದ್ರು. ಯುದ್ಧ ಮುಗೀತು, ರೇಟು ಬಿತ್ತು, ಆದ್ರ ಹತ್ತಿ ಪ್ಯಾಟಿ ಇಲ್ಲೇ ಉಳೀತು.

ಖರೇ ಹೇಳಬೇಕಂದ್ರ ಆಟ ಬದಲಾಗಿದ್ದು ರೈಲಿನಿಂದ. 1876-78ರ ಬರಗಾಲದಾಗ ಈ ಭಾಗಕ್ಕ ಕಾಳುಕಡಿ ಮುಟ್ಟಿಸಾಕ ಆಗದ ಮಂದಿ ಸತ್ರು, ಆಮ್ಯಾಲೆ ಸರ್ಕಾರಕ್ಕ ಎಚ್ಚರಾಗಿ 1882ರಾಗ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಒಂದು ದಾರಿ ಗದಗ ಕಡೆಯಿಂದ ಸೊಲ್ಲಾಪುರದ ಮಗ್ಗಲಿನ ಹೋಟಗಿಗೆ, ಒಂದು ಲೋಂಡಾ ಮ್ಯಾಲೆ ಹಾದು ಗೋವಾದ ಮುರಗಾಂವ ಬಂದರಿಗೆ, ಒಂದು ಹರಿಹರ ಕಡೆಯಿಂದ ಬೆಂಗಳೂರಿಗೆ, ಎಲ್ಲಾ ಕೂಡೋದು ಹುಬ್ಬಳ್ಳಿ ಸುತ್ತಮುತ್ತ. ಕಾರವಾರಕ್ಕ ಮಾತ್ರ ಆವಾಗ ರೈಲು ಬರಲಿಲ್ಲ. 1880ರ ದಶಕದಾಗ ರೈಲ್ವೆ ವರ್ಕ್‌ಶಾಪ್ ಹುಬ್ಬಳ್ಳಿಯಾಗ ಆತು, ಇದರ ಬಗ್ಗೆ ಮಂದಿ ಕಡಿಮಿ ಮಾತಾಡ್ತಾರ, ನನಗ ಇದೇ ದೊಡ್ಡದು ಅನಸ್ತೈತಿ. ಯಾಕಂದ್ರ ಜಂಕ್ಷನ್ ಅಂದ್ರ ಮಂದಿ ಬಂದು ಹೋಗ್ತಾರ, ವರ್ಕ್‌ಶಾಪ್ ಅಂದ್ರ ಬಂದವರು ಉಳೀತಾರ, ಪಗಾರ ತಗೋತಾರ, ಮನಿ ಮಾಡ್ತಾರ. ತಮಿಳರು, ತೆಲುಗರು, ಆಂಗ್ಲೋ-ಇಂಡಿಯನ್ನರು ಗದಗ ರೋಡ್ ಕಡೆ ಬಂದು ನೆಲಸಿದ್ರು, ವ್ಯಾಪಾರಕ್ಕ ಮಾರವಾಡಿ ಗುಜರಾತಿಗಳು ಬಂದ್ರು, ಸಾವಜಿ ಖಾನಾವಳಿ ಬಂದ್ವು, ಛೋಟಾ ಮುಂಬೈ ಅಂತ ಕರಿಯಾಕ ಚಾಲೂ ಮಾಡಿದ್ರು. ಆವಾಗ ಹುಬ್ಬಳ್ಳಿ ಮುಂಬೈ ಪ್ರಾಂತದಾಗ ಇತ್ತು, ಮಂದಿಗೆ ದೊಡ್ಡ ಊರು ಅಂದ್ರ ಮುಂಬೈ, ಬೆಂಗಳೂರು ಬ್ಯಾರೆ ರಾಜ್ಯದ್ದು ಬಿಡ್ರಿ.

ರಾಜಕೀಯನೂ ಹಂಗ. 1890ರಾಗ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು ಧಾರವಾಡದಾಗ, ಏಕೀಕರಣದ ವಿಚಾರ ಮಾಡಿದವರೆಲ್ಲಾ ಬಹುತೇಕ ಆ ಊರಿನವರು. ಆದ್ರ ಆ ವಿಚಾರ ಬೀದಿಗೆ ಬಂದಿದ್ದು ಹುಬ್ಬಳ್ಳಿಯಾಗ. 1953ರಾಗ ಇಲ್ಲೇ ಮಗ್ಗಲಿನ ಅದರಗುಂಚಿಯ ಶಂಕರಗೌಡ ಪಾಟೀಲರು ಕರ್ನಾಟಕ ರಾಜ್ಯ ಬೇಕಂತ 23 ದಿನ ಉಪವಾಸ ಕುಂತ್ರು, ಏಪ್ರಿಲ್‌ದಾಗ ಹುಬ್ಬಳ್ಳಿಯಾಗ ಕಾಂಗ್ರೆಸ್ ಕಮಿಟಿ ಸಭಾ ನಡದಾಗ ಮಂದಿ ಸಿಟ್ಟಿಗೆದ್ದು ಮುತ್ತಿಗೆ ಹಾಕಿದ್ರು, ದೊಡ್ಡ ಗಲಾಟಿ ಆತು, ಅಲ್ಲಿ ತನಕ ಏಕೀಕರಣನ ಸಾಹಿತಿಗಳ ಹವ್ಯಾಸ ಅಂತ ತಿಳಕೊಂಡಿದ್ದ ನಾಯಕರಿಗೆ ಅವತ್ತು ಬಿಸಿ ಮುಟ್ಟಿತು. ಮಿಲ್ಲಿನವರು, ರೈಲ್ವೆಯವರು, ಹಮಾಲರು, ಸುತ್ತಲಿನ ಹಳ್ಳಿ ರೈತರು ಒಂದು ತಾಸಿನಾಗ ಕೂಡೋದು ಇಂಥಾ ಊರಾಗ ಮಾತ್ರ. ಬೆಳಗಾವಿಯಾಗ ಹುಟ್ಟಿದ ‘ಸಂಯುಕ್ತ ಕರ್ನಾಟಕ’ ಪತ್ರಿಕಾನೂ ಹುಬ್ಬಳ್ಳಿಗೇ ಬಂತು, ಪೇಪರಿಗೆ ರೈಲು ಬೇಕಲ್ಲ.

1956ರಾಗ ರಾಜ್ಯ ಒಂದಾತು, ರಾಜಧಾನಿ 400 ಕಿಲೋಮೀಟರ್ ದೂರದ ಬೆಂಗಳೂರಾತು. ಮುಂದಿನ ವರ್ಷ ಹುಬ್ಬಳ್ಳಿಗೆ ಮೆಡಿಕಲ್ ಕಾಲೇಜು ಬಂತು, ಮಂದಿ ಬಾಯಾಗ ಈಗಲೂ ಅದು ಕಿಮ್ಸ್. ಅದರ ಹೊರಗ ನಿಂತು ಗಾಡಿ ನಂಬರು, ಮಂದಿ ಮಾತು ಗಮನಿಸಿದ್ರ ಹುಬ್ಬಳ್ಳಿಯ ಸೀಮಿ ಎಲ್ಲಿ ತನಕ ಐತಿ ಅಂತ ತಿಳೀತೈತಿ, ಯಾವ ನಕಾಶೆನೂ ಬ್ಯಾಡ. 1962ರಾಗ ಎರಡೂ ಊರು ಕೂಡಿಸಿ ಮಹಾನಗರ ಪಾಲಿಕೆ ಮಾಡಿದ್ರು. 1997ರಾಗ ವಾಯವ್ಯ ಸಾರಿಗೆ ಸಂಸ್ಥೆ ಬ್ಯಾರೆ ಆದಾಗ ಹೆಡ್ ಆಫೀಸು ಇಲ್ಲೆ, ಕರೆಂಟಿನ ಹೆಸ್ಕಾಂ ಇಲ್ಲೆ. ಗದಗದಾಗ ಲಾರಿ ಧಂದಾ ಚಾಲೂ ಮಾಡಿದ ವಿಜಯ ಸಂಕೇಶ್ವರರು ಬೆಳೀಬೇಕಂದಾಗ ಬಂದದ್ದೂ ಇಲ್ಲಿಗೇ. ಇದರಾಗ ಒಂದು ಕ್ರಮ ಐತಿ ನೋಡ್ರಿ, ಮಂದಿ ಮೊದಲು ಬರ್ತಾರ, ಆಫೀಸು ಹಿಂದಿಂದ ಬರ್ತಾವ.

ನೈಋತ್ಯ ರೈಲ್ವೆ ವಲಯದ ಕಥಿ ಕೇಳಿದ್ರ ಇನ್ನೂ ಪಕ್ಕಾ ಆಗ್ತೈತಿ. ಹುಬ್ಬಳ್ಳಿ ರೈಲ್ವೆಗೆ ವರ್ಷಾನುಗಟ್ಟಲೆ ಆರ್ಡರ್ ಬರ್ತಿದ್ದದ್ದು ಸಿಕಂದರಾಬಾದಿನಿಂದ. ಹೊಸ ವಲಯ ಮಾಡ್ತೀವಿ ಅಂದಾಗ ಹೆಡ್ ಆಫೀಸು ಬೆಂಗಳೂರು ಅಂದ್ರು, ಊರು ಉರಿದೆದ್ದಿತು, ಬಂದ್, ರೈಲು ತಡೆ, ಪಕ್ಷ ಜಾತಿ ಏನೂ ನೋಡದ ಎಲ್ಲಾರೂ ಬೀದಿಗಿಳಿದ್ರು, ಕಡೀಕ 2003ರ ಏಪ್ರಿಲ್ 1ಕ್ಕ ವಲಯ ಚಾಲೂ ಆತು, ಕೇಂದ್ರ ಹುಬ್ಬಳ್ಳಿ. ಈಗ 1,507 ಮೀಟರಿನ ಪ್ಲಾಟ್‌ಫಾರಂ, ಜಗತ್ತಿನಾಗ ಎಲ್ಲಕ್ಕಿಂತ ಉದ್ದ ಅಂತ 2023ರಾಗ ಉದ್ಘಾಟನೆ ಆತು. ಅದರ ಮ್ಯಾಲೆ ನಡದವರಿಗೆ ಕಾಲು ನೋವಷ್ಟ ಗೊತ್ತು, ಆದ್ರೂ ಊರವರಿಗೆ ಅಭಿಮಾನ.

ಬೆಳಗಾವಿಯದು ಬ್ಯಾರೆ ಲೆಕ್ಕ. ಅಲ್ಲೆ 2006ರಾಗ ಮೊದಲ ಅಧಿವೇಶನ, 2012ರ ಅಕ್ಟೋಬರ್‌ದಾಗ ಸುವರ್ಣಸೌಧ. ಅದು ನಮ್ಮ ಮಂದಿ ಸಲುವಾಗಿ ಕಟ್ಟಿದ್ದಕ್ಕಿಂತ ಮಹಾರಾಷ್ಟ್ರಕ್ಕ ತೋರಸಾಕ ಕಟ್ಟಿದ್ದು ಅಂತ ನನ್ನ ಅಭಿಪ್ರಾಯ, ಗಡಿ ತಂಟೆ ಸುಪ್ರೀಂ ಕೋರ್ಟಿನಾಗ ಇರೋ ತನಕ ಅದಕ್ಕೂ ಒಂದು ಬೆಲೆ ಐತಿ, ಇಲ್ಲ ಅನ್ನಂಗಿಲ್ಲ. ಆದ್ರ ಅಧಿವೇಶನ ಮುಗಿದ ಮರುದಿನ ಫೈಲು ಬೆಂಗಳೂರಿಗೇ ಹೋಗ್ತೈತಿ, ಬೆಳಗಾವಿ ಮಂದಿ ದೊಡ್ಡ ಕೆಲಸಕ್ಕ ಕೊಲ್ಹಾಪುರ, ಪುಣೆ ಕಡೆ ಹೋಗ್ತಾರ.

ಇನ್ನ ಹುಬ್ಬಳ್ಳಿಯವರು ‘ಇಡೀ ಉತ್ತರ ಕರ್ನಾಟಕಕ್ಕ ನಾವ ರಾಜಧಾನಿ’ ಅಂದ್ರ ಕಲಬುರಗಿಯವರು ನಗ್ತಾರ, ನಗೋದು ಬರೋಬ್ಬರಿ. 1948ರ ತನಕ ಅವರು ಹೈದರಾಬಾದ್ ನಿಜಾಮನ ಕಡೆ, ಇವರು ಮುಂಬೈ ಪ್ರಾಂತ. ಬೀದರಿನವರಿಗೆ ಹೈದರಾಬಾದ್ ಮಗ್ಗಲಿಗೇ ಐತಿ, ಹುಬ್ಬಳ್ಳಿಗೆ ಯಾಕ ಬರ್ತಾರ? ಕಲಬುರಗಿ ಕಡೆಯವರಿಗೆ ಸಂವಿಧಾನದ 371ಜೆ ವಿಶೇಷ ಸ್ಥಾನಮಾನ ಬ್ಯಾರೆ, ಹೈಕೋರ್ಟ್ ಪೀಠ ಬ್ಯಾರೆ, ಬಸ್ಸು ಸಂಸ್ಥೆ ಬ್ಯಾರೆ, 2019ರಿಂದ ಕಲ್ಯಾಣ ಕರ್ನಾಟಕ ಅನ್ನೋ ಹೆಸರೂ ಬ್ಯಾರೆ. ಹುಬ್ಬಳ್ಳಿಯ ರಾಜ್ಯ ಕೊಪ್ಪಳ ದಾಟಿ ಭಾಳ ದೂರ ಹೋಗಂಗಿಲ್ಲ.

ಒಳಗಿನ ಜಗಳ ಇದ್ದೇ ಐತಿ. 2011ರ ಜನಗಣತಿಯಾಗ ಪಾಲಿಕೆ ಜನಸಂಖ್ಯಾ 9.43 ಲಕ್ಷ, ಬೆಂಗಳೂರು ಬಿಟ್ಟರ ನಾವ ಎರಡನೇವರು ಅಂತ ಹುಬ್ಬಳ್ಳಿಯವರು ಎದಿ ಉಬ್ಬಿಸಿ ಹೇಳೋ ಅಂಕಿ ಇದು, ಅದರಾಗ ಧಾರವಾಡದವರನ್ನೂ ಎಣಿಸ್ಯಾರ. ಟ್ಯಾಕ್ಸ್ ನಮ್ಮದು, ಕೆಲಸ ಹುಬ್ಬಳ್ಳಿದು ಅಂತ ಧಾರವಾಡದವರ ತಕರಾರು ಹಳೇದು, 2025ರ ಜನವರಿಯಾಗ ಸಂಪುಟ ಧಾರವಾಡಕ್ಕ ಬ್ಯಾರೆ ಪಾಲಿಕೆ ಮಾಡಾಕ ಒಪ್ಪಿತು. ಕಾರವಾರ ಕಡೆ ಸಮುದ್ರಕ್ಕ ಸೀದಾ ರೈಲು ಅನ್ನೋ ಹತ್ತಿ ಕಾಲದ ಬೇಡಿಕೆ ಮಾತ್ರ ಹುಬ್ಬಳ್ಳಿ-ಅಂಕೋಲಾ ಯೋಜನಾ ಅಂತ ಹೆಸರು ಬದಲಿಸ್ಕೊಂಡು ಕಾಡಿನ ಪರವಾನಗಿ ಕಾಯ್ಕೋತ ಕುಂತೈತಿ.