ರೋಗಿಯೊಬ್ಬರು ಕಟ್ಟಿದ ವೃತ್ತಿ

ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಅನುಭವಿ ಸ್ಟೋಮಾ ನರ್ಸ್ ಬಂದು ಕೇಳುವ ಪ್ರಶ್ನೆಗಳಿಗೂ ಕಾಯಿಲೆಗೂ ಸಂಬಂಧವೇ ಇಲ್ಲವೇನೋ ಎನಿಸುತ್ತದೆ. ಸೀರೆ ಉಡುತ್ತೀರಾ, ಚೂಡಿದಾರವೇ? ಲಂಗದ ಲಾಡಿಯನ್ನು ಹೊಕ್ಕುಳಿನ ಮೇಲೆ ಕಟ್ಟುತ್ತೀರೋ, ಕೆಳಗೋ? ಊಟಕ್ಕೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವ ಅಭ್ಯಾಸವಿದೆಯೇ? ಆಮೇಲೆ ರೋಗಿಯನ್ನು ಮಲಗಿಸಿ, ಕೂರಿಸಿ, ಬಗ್ಗಿಸಿ, ನಿಲ್ಲಿಸಿ, ಹೊಟ್ಟೆಯ ಮಡಿಕೆ ಎಲ್ಲೆಲ್ಲಿ ಬೀಳುತ್ತದೆಂದು ನೋಡುತ್ತಾರೆ. ಕೊನೆಗೆ ಹೊಕ್ಕುಳಿನ ಬಲಕ್ಕೆ, ತುಸು ಕೆಳಗೆ, ಪೆನ್ನಿನಿಂದ ಒಂದು ಗುರುತು ಹಾಕುತ್ತಾರೆ. ಮರುದಿನ ಸರ್ಜನ್ ದೊಡ್ಡ ಕರುಳನ್ನು ತೆಗೆದು, ಸಣ್ಣ ಕರುಳಿನ ತುದಿಯನ್ನು ಆ ಗುರುತಿನಲ್ಲಿಯೇ ಹೊರಗೆ ತರುತ್ತಾರೆ. ಅದೇ ಸ್ಟೋಮಾ, ಇನ್ನು ಮುಂದೆ ಮಲ ಹೊರಬರುವುದು ಅಲ್ಲಿಂದ, ಅದರ ಮೇಲೆ ಅಂಟಿಸಿದ ಚೀಲಕ್ಕೆ. ಗುರುತು ಎರಡು ಬೆರಳು ಆಚೀಚೆಯಾಗಿ ಮಡಿಕೆಯೊಳಗೆ ಬಿದ್ದರೆ ಚೀಲ ಅಂಟುವುದಿಲ್ಲ. ಸೋರುತ್ತದೆ. ಸೋರುವ ಚೀಲ ಹೊತ್ತವರು ಮದುವೆಗೆ ಹೋಗುವುದಿಲ್ಲ, ಬಸ್ ಹತ್ತುವುದಿಲ್ಲ, ಕ್ರಮೇಣ ಮನೆಯಿಂದಲೇ ಹೊರಬರುವುದಿಲ್ಲ.

ಇಂಥ ಶಸ್ತ್ರಚಿಕಿತ್ಸೆಯವರೆಗೆ ಒಯ್ಯಬಹುದಾದ ಕಾಯಿಲೆಗಳಲ್ಲೊಂದು ಅಲ್ಸರೇಟಿವ್ ಕೊಲೈಟಿಸ್, ಎಂದರೆ ದೊಡ್ಡ ಕರುಳಿನ ಹುಣ್ಣು. ಅದಕ್ಕೆ ಚಿಕಿತ್ಸೆ ಕೊಡುವವರ ಸಾಲು ಉದ್ದವಾಗಿದೆ. ಕರುಳಿನ ತಜ್ಞ ವೈದ್ಯರು, ಕರುಳಿನೊಳಗೆ ಕ್ಯಾಮೆರಾ ಹಾಯಿಸಿ ನೋಡುವ ಕೊಲೊನೋಸ್ಕೋಪಿ ಕೋಣೆಯ ನರ್ಸ್ ಮತ್ತು ತಂತ್ರಜ್ಞರು, ಕರುಳಿನ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ರೋಗಶಾಸ್ತ್ರಜ್ಞರು, ಸರ್ಜನ್, ಆಹಾರ ತಜ್ಞರು, ಔಷಧ ತಜ್ಞರು, ಮನೋವೈದ್ಯರು. ಇವರೆಲ್ಲರೂ ಬೇರೆ ಕಾಯಿಲೆಗಳಿಗೂ ಬೇಕಾದವರೇ. ಆದರೆ ಹೊಟ್ಟೆಯ ಮೇಲೆ ಗುರುತು ಹಾಕುವ ಈ ವೃತ್ತಿ ಹುಟ್ಟಿದ್ದು ಇದೇ ಕಾಯಿಲೆಯ ಮಡಿಲಲ್ಲಿ, ಅದನ್ನು ಅನುಭವಿಸಿದ ಒಬ್ಬ ಗೃಹಿಣಿಯಿಂದ.

ಕಾಯಿಲೆಯ ಬಗ್ಗೆ ಎರಡು ಮಾತು. ದೇಹದ ರಕ್ಷಣಾ ವ್ಯವಸ್ಥೆ ದೊಡ್ಡ ಕರುಳಿನ ಒಳಪದರದ ಮೇಲೆಯೇ ತಿರುಗಿ ಬಿದ್ದು, ಅಲ್ಲಿ ಉರಿಯೂತ ಮತ್ತು ಹುಣ್ಣು ಉಂಟಾಗುತ್ತದೆ. ರಕ್ತ, ಲೋಳೆ ಬೆರೆತ ಭೇದಿ, ದಿನಕ್ಕೆ ಹತ್ತು ಹದಿನೈದು ಬಾರಿ ಶೌಚಕ್ಕೆ ಓಟ; ಕೆಲವು ತಿಂಗಳು ಶಾಂತ, ಮತ್ತೆ ಉಲ್ಬಣ. ನಮ್ಮಲ್ಲಿ ಇದಕ್ಕೆ ಮೊದಲು ಸಿಗುವ ಹೆಸರು ಮೂಲವ್ಯಾಧಿ, ಇಲ್ಲವೇ ಆಮಶಂಕೆ, ಅದೂ ಅಲ್ಲದಿದ್ದರೆ ಬರೀ ‘ಉಷ್ಣ’. ಮಜ್ಜಿಗೆ, ಮೆಂತ್ಯದಲ್ಲಿ ತಿಂಗಳುಗಳು ಕಳೆದುಹೋಗುತ್ತವೆ. ಇದು ಪಶ್ಚಿಮ ದೇಶಗಳ ರೋಗ ಎಂಬ ನಂಬಿಕೆ ವೈದ್ಯರಲ್ಲೂ ಬಹಳ ಕಾಲ ಇತ್ತು. 2003ರಲ್ಲಿ ಪ್ರಕಟವಾದ ಪಂಜಾಬಿನ ಮನೆಮನೆ ಸಮೀಕ್ಷೆ ಅದನ್ನು ಅಲುಗಾಡಿಸಿತು. 51,910 ಜನರನ್ನು ವಿಚಾರಿಸಿ ಲೆಕ್ಕ ಹಾಕಿದಾಗ ಲಕ್ಷಕ್ಕೆ 44ರಷ್ಟು ಮಂದಿಗೆ ಈ ಕಾಯಿಲೆ ಇರುವುದು ಗೊತ್ತಾಯಿತು.

ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ವಿಲ್ಕ್ಸ್ 1859ರಲ್ಲಿ ಈ ರೋಗದ ಹೆಸರನ್ನು ಬಳಕೆಗೆ ತಂದರೂ ಮುಂದಿನ ಎಂಬತ್ತು ವರ್ಷ ಕೊಡಲು ಹೇಳಿಕೊಳ್ಳುವಂಥ ಮದ್ದಿರಲಿಲ್ಲ. 1940ರ ದಶಕದಲ್ಲಿ ಸ್ವೀಡನ್ನಿನ ವೈದ್ಯೆ ನನ್ನಾ ಸ್ವಾರ್ಟ್ಸ್ ಸಂಧಿವಾತಕ್ಕೆಂದು ರೂಪಿಸಿದ ಸಲ್ಫಸಲಾಜಿನ್ ಈ ಕರುಳಿಗೂ ಒಗ್ಗಿತು. 1955ರಲ್ಲಿ ಆಕ್ಸ್‌ಫರ್ಡಿನ ಟ್ರೂಲವ್ ಮತ್ತು ವಿಟ್ಸ್ 210 ರೋಗಿಗಳ ಮೇಲೆ ನಡೆಸಿದ ಪರೀಕ್ಷೆ, ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಟ್ಟರೆ ಸಾವು ಕಡಿಮೆಯಾಗುತ್ತದೆಂದು ತೋರಿಸಿತು. ಔಷಧಕ್ಕೆ ಬಗ್ಗದವರಿಗೆ ಉಳಿದಿದ್ದು ಕತ್ತರಿ. ದೊಡ್ಡ ಕರುಳನ್ನೇ ತೆಗೆದರೆ ಜೀವ ಉಳಿಯುತ್ತಿತ್ತು, ಆದರೆ ಬದುಕು ನರಕವಾಗುತ್ತಿತ್ತು. ಸಣ್ಣ ಕರುಳಿನ ದ್ರವದಲ್ಲಿ ಆಹಾರವನ್ನು ಜೀರ್ಣಿಸುವ ಕಿಣ್ವಗಳಿರುತ್ತವೆ; ಚರ್ಮಕ್ಕೆ ತಾಗಿದರೆ ಅವು ಚರ್ಮವನ್ನೂ ಬಿಡುವುದಿಲ್ಲ. 1952ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಸರ್ಜನ್ ಬ್ರಯಾನ್ ಬ್ರೂಕ್, ಹೊರಬಂದ ಕರುಳಿನ ತುದಿಯನ್ನು ಅಂಗಿಯ ತೋಳು ಮಡಚಿದಂತೆ ಹೊರಮಗುಚಿ ಹೊಲಿದರು. ಮೊಗ್ಗಿನಂತೆ ಎದ್ದು ನಿಂತ ಆ ತುದಿಯಿಂದ ದ್ರವ ನೇರ ಚೀಲಕ್ಕೆ ಬೀಳತೊಡಗಿತು. ಇಂದಿಗೂ ಸರ್ಜನ್ನರು ಹೊಲಿಯುವುದು ಹೀಗೆಯೇ.

ಆದರೆ ಹೊಲಿಗೆ ಮಾಗಿದ ಮೇಲೆ? ಚೀಲ ಅಂಟಿಸುವುದು ಹೇಗೆ, ಸ್ನಾನ ಹೇಗೆ, ಗಂಡನ ಪಕ್ಕ ಮಲಗುವುದು ಹೇಗೆ? ಇದನ್ನು ಹೇಳಿಕೊಡುವವರು ಆಸ್ಪತ್ರೆಯಲ್ಲಿ ಯಾರೂ ಇರಲಿಲ್ಲ.

ಅಮೆರಿಕದ ಒಹಾಯೋದ ಏಕ್ರನ್ ಊರಿನ ನಾರ್ಮಾ ಗಿಲ್ ವರ್ಷಗಟ್ಟಲೆ ಈ ಕಾಯಿಲೆಯಲ್ಲಿ ನರಳಿ, 1954ರಲ್ಲಿ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ರೂಪರ್ಟ್ ಟರ್ನ್‌ಬುಲ್ ಎಂಬ ಸರ್ಜನ್ನರಿಂದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಅವರ ಅಜ್ಜಿಗೂ ಸ್ಟೋಮಾ ಇತ್ತು. ಮುಂದೆ ಮಗಳಿಗೂ ಮೂತ್ರದ ದಾರಿ ಬದಲಿಸುವ ಶಸ್ತ್ರಚಿಕಿತ್ಸೆ ಆಯಿತು. ಗುಣವಾದ ಮೇಲೆ ನಾರ್ಮಾ ತಮ್ಮೂರಿನ ಸುತ್ತಮುತ್ತ ಇಂಥದೇ ಸ್ಥಿತಿಯಲ್ಲಿದ್ದವರನ್ನು ಕಂಡು, ತಾವು ಕಲಿತದ್ದನ್ನು ಹೇಳಿಕೊಡತೊಡಗಿದರು. ಅವರು ನರ್ಸ್ ಆಗಿರಲಿಲ್ಲ, ಯಾವ ವೈದ್ಯಕೀಯ ಪದವಿಯೂ ಅವರಿಗಿರಲಿಲ್ಲ. ತಾನು ಹೇಳಿ ತಿಳಿಸಲಾಗದ್ದನ್ನು ಈಕೆ ಹೇಳಬಲ್ಲರು ಎಂಬುದನ್ನು ಟರ್ನ್‌ಬುಲ್ ಗುರುತಿಸಿದರು. 1958ರಲ್ಲಿ ನಾರ್ಮಾರನ್ನು ಕೆಲಸಕ್ಕೆ ಕರೆದುಕೊಂಡು, ಆ ಕೆಲಸಕ್ಕೆ ‘ಎಂಟರೋಸ್ಟೋಮಲ್ ಥೆರಪಿ’ ಎಂಬ ಹೆಸರಿಟ್ಟರು. ಸರ್ಜನ್ ಒಬ್ಬರು ತನ್ನ ಕೈ ಎಲ್ಲಿ ಮುಗಿಯುತ್ತದೆ ಎಂದು ಒಪ್ಪಿಕೊಂಡ ಆ ಗಳಿಗೆ ನನಗೆ ಶಸ್ತ್ರಚಿಕಿತ್ಸೆಗಿಂತ ದೊಡ್ಡದಾಗಿ ಕಾಣುತ್ತದೆ.

ಈ ಕಥೆಯಲ್ಲಿ ಭಾರತದ ಕಾಡೊಂದೂ ಇದೆ. ಚರ್ಮ ಸುಡದಂತೆ ಕಾಪಾಡಲು 1950ರ ದಶಕದಲ್ಲಿ ಟರ್ನ್‌ಬುಲ್ ಬಳಸಿದ್ದು ಕರಾಯ ಅಂಟು. ಅಮೆರಿಕದಲ್ಲಿ ಆಗ ಕಟ್ಟಿಸಿದ ಹಲ್ಲಿನ ಸೆಟ್ಟನ್ನು ಒಸಡಿಗೆ ಕೂರಿಸುವ ಪುಡಿಯಾಗಿ ಅದು ಸಿಗುತ್ತಿತ್ತು. ತೇವ ಹೀರಿ ಉಬ್ಬಿ, ಮೆದುವಾಗಿ ಚರ್ಮಕ್ಕೆ ಅಂಟುವ ಗುಣ ಅದರದು. ಮಧ್ಯ ಭಾರತ ಮತ್ತು ಆಂಧ್ರದ ಒಣ ಕಾಡುಗಳಲ್ಲಿ ಆದಿವಾಸಿಗಳು ಮರದ ತೊಗಟೆಗೆ ಗಾಯ ಮಾಡಿ ಇಳಿಸುವ ಅಂಟು ಇದು. ಅವರು ಒಟ್ಟುಮಾಡಿದ ಅಂಟು ಕಡಲಾಚೆಯ ಅಪರಿಚಿತರ ಉರಿಯುವ ಚರ್ಮಕ್ಕೆ ತಂಪು ಕೊಟ್ಟಿತೆಂಬುದನ್ನು ಅವರಿಗೆ ಯಾರೂ ಹೇಳಿರಲಾರರು. ಅದೇ ಹೊತ್ತಿಗೆ ಕೋಪನ್‌ಹೇಗನ್‌ನ ನರ್ಸ್ ಎಲಿಸ್ ಸೋರೆನ್‌ಸೆನ್, ಸ್ಟೋಮಾ ಆಗಿದ್ದ ತಂಗಿಯ ಸಂಕಟ ನೋಡಲಾರದೆ, ಅಂಟಿಸಿ ಬಳಸಿ ಎಸೆಯಬಹುದಾದ ಪ್ಲಾಸ್ಟಿಕ್ ಚೀಲವನ್ನು ಕಲ್ಪಿಸಿದರು. 1957ರಲ್ಲಿ ಆರಂಭವಾದ ಕೋಲೋಪ್ಲಾಸ್ಟ್ ಕಂಪನಿಯ ಬೇರು ಅಲ್ಲಿದೆ.

1961ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಈ ವೃತ್ತಿಗೆ ಶಾಲೆ ಶುರುವಾಯಿತು. ಮೊದಮೊದಲು ಅಲ್ಲಿಗೆ ಬಂದು ಕಲಿತವರು ಸ್ವತಃ ಸ್ಟೋಮಾ ಇದ್ದವರು. 1968ರಲ್ಲಿ ವೃತ್ತಿ ಸಂಘ, 1978ರಲ್ಲಿ ನಾರ್ಮಾ ಅವರ ಮುಂದಾಳತ್ವದಲ್ಲಿಯೇ ಜಾಗತಿಕ ಮಂಡಳಿ. ಈ ನಡುವೆ, 1970ರ ದಶಕದಲ್ಲಿ, ನೋಂದಾಯಿತ ನರ್ಸ್‌ಗಳಿಗೆ ಮಾತ್ರ ಪ್ರವೇಶ ಎಂಬ ನಿಯಮ ಬಂತು. ಗಾಯ, ಸೋಂಕು, ಔಷಧಗಳ ಜ್ಞಾನ ಬೇಕಾದ ಕೆಲಸಕ್ಕೆ ನಿಯಮ ಸರಿಯೇ. ಆದರೂ ವೃತ್ತಿಯನ್ನು ಕಟ್ಟಿದಾಕೆಯಂಥವರಿಗೇ ಅದರ ಬಾಗಿಲು ಮುಚ್ಚಿತೆಂಬುದು ಮನಸ್ಸನ್ನು ಚುಚ್ಚುತ್ತದೆ.

1978ರಲ್ಲಿ ಲಂಡನ್ನಿನ ಪಾರ್ಕ್ಸ್ ಮತ್ತು ನಿಕೋಲ್ಸ್, ಸಣ್ಣ ಕರುಳಿನಿಂದಲೇ ಒಳಗೊಂದು ಸಂಚಿ ಕಟ್ಟಿ ಗುದದ್ವಾರಕ್ಕೆ ಜೋಡಿಸುವ ವಿಧಾನವನ್ನು ಪ್ರಕಟಿಸಿದ ಮೇಲೆ ಅನೇಕರಿಗೆ ಸ್ಟೋಮಾ ಕೆಲವು ತಿಂಗಳ ಮಾತಾಯಿತು. 2000ದ ಬಳಿಕ, ಉರಿಯೂತದ ಕೊಂಡಿಯನ್ನೇ ತಡೆಯುವ ಬಯಾಲಜಿಕ್ ಔಷಧಗಳು ಬಂದು ಶಸ್ತ್ರಚಿಕಿತ್ಸೆಯನ್ನೇ ಮುಂದೂಡತೊಡಗಿದವು. ನರ್ಸ್‌ನ ಕೆಲಸ ಕಡಿಮೆಯಾಯಿತೇ? ಇಲ್ಲ, ಬದಲಾಯಿತು. ದೇಹದ ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವ ಅಜಾಥಯೋಪ್ರಿನ್ ಮಾತ್ರೆ ತೆಗೆದುಕೊಳ್ಳುವವರ ರಕ್ತಕಣಗಳ ಎಣಿಕೆ ಕಾಲಕಾಲಕ್ಕೆ ಆಗಲೇಬೇಕು. ಬಯಾಲಜಿಕ್ ಶುರುಮಾಡುವ ಮುನ್ನ ಅಡಗಿರುವ ಕ್ಷಯ ಮತ್ತು ಹೆಪಟೈಟಿಸ್ ಬಿ ಪರೀಕ್ಷೆಯಾಗಬೇಕು. ಕ್ಷಯ ಮನೆಮಾಡಿಕೊಂಡಿರುವ ನಮ್ಮ ದೇಶದಲ್ಲಿ ಇದನ್ನು ಮರೆಯುವಂತೆಯೇ ಇಲ್ಲ. ಗರ್ಭಿಣಿಯಾದರೆ ಮಾತ್ರೆ ನಿಲ್ಲಿಸಬೇಕೇ ಎಂದು ಕೇಳಲು ರೋಗಿಗೆ ಒಂದು ದನಿ ಬೇಕು. ಇದಕ್ಕಾಗಿ ಬ್ರಿಟನ್ನಿನಲ್ಲಿ ಕರುಳಿನ ಉರಿಯೂತಕ್ಕೇ ಮೀಸಲಾದ ನರ್ಸ್‌ಗಳು ಬಂದರು, ದೂರವಾಣಿ ಸಹಾಯ ಬಂತು. ಎರಡೂವರೆ ಲಕ್ಷ ಜನಸಂಖ್ಯೆಗೆ ಕನಿಷ್ಠ ಒಂದೂವರೆ ಪೂರ್ಣಾವಧಿ ಹುದ್ದೆಯಷ್ಟು ಇಂಥ ನರ್ಸ್‌ಗಳಿರಬೇಕೆಂದು 2009ರ ಅಲ್ಲಿನ ಮಾನದಂಡ ಹೇಳಿತು.

ನಮ್ಮಲ್ಲಿ ಈ ವೃತ್ತಿ ಬೆಳೆದದ್ದು ಹೆಚ್ಚಾಗಿ ಕ್ಯಾನ್ಸರ್ ಆಸ್ಪತ್ರೆಗಳ ನೆರಳಿನಲ್ಲಿ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆ ಸ್ಟೋಮಾ ನರ್ಸ್‌ಗಳಿಗೆ ತರಬೇತಿ ಕೊಟ್ಟಿದೆ. ಅದೇ ನಗರದ ಆಸ್ಟಮಿ ಅಸೋಸಿಯೇಷನ್ ಆಫ್ ಇಂಡಿಯಾ ಸ್ಟೋಮಾ ಇರುವವರ ನೆರವಿಗೆ ನಿಂತಿದೆ. ಆದರೆ ತರಬೇತಾದ ನರ್ಸ್ ಅದೇ ಕೆಲಸದಲ್ಲಿ ಉಳಿಯಲು ಪ್ರತ್ಯೇಕ ಹುದ್ದೆ ಬೇಕು. ಇಂದು ಸ್ಟೋಮಾ ಚಿಕಿತ್ಸಾಲಯ, ನಾಳೆ ಹೆರಿಗೆ ವಾರ್ಡು ಎಂದರೆ ಕಲಿತ ಕೈ ಚದುರಿಹೋಗುತ್ತದೆ. ಆಗ ಆ ಕೆಲಸ ಮನೆಯ ಹೆಂಗಸರ ಹೆಗಲಿಗೆ ಬೀಳುತ್ತದೆ.

ಅವರಿಗೆ ತಿಳಿದಿರಬೇಕಾದದ್ದು ಸಣ್ಣದಲ್ಲ. ಸ್ಟೋಮಾದಿಂದ ದಿನವೂ ಅರ್ಧ ಲೀಟರಿಗೂ ಹೆಚ್ಚು ದ್ರವ ಹೋಗುತ್ತದೆ, ಜೊತೆಗೆ ಉಪ್ಪೂ ಹೋಗುತ್ತದೆ. ಹೊರಹರಿವು ವಿಪರೀತವಾದಾಗ ಬರೀ ನೀರು ಕುಡಿಸಿದರೆ ಸುಸ್ತು ಇನ್ನೂ ಏರುತ್ತದೆ, ಓಆರ್‌ಎಸ್ ಬೇಕು. ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಇದು ಜೀವದ ಪ್ರಶ್ನೆ. ಕೊಬ್ಬರಿ, ನುಗ್ಗೆಕಾಯಿಯ ನಾರು ಅಗಿಯದೆ ನುಂಗಿದರೆ ಕರುಳಿನ ಬಾಯಿ ಕಟ್ಟಿಕೊಳ್ಳಬಹುದು. ಚೀಲದ ತೂತನ್ನು ಸ್ಟೋಮಾದ ಅಳತೆಗೆ ಸರಿಯಾಗಿ ಕತ್ತರಿಸಬೇಕು. ಮೊದಲ ಒಂದೆರಡು ತಿಂಗಳು ಊತ ಇಳಿದು ಆ ಅಳತೆಯೇ ಕಿರಿದಾಗುತ್ತಾ ಹೋಗುತ್ತದೆ, ಆದ್ದರಿಂದ ಮತ್ತೆ ಮತ್ತೆ ಅಳೆಯಬೇಕು. ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಹೆಸರಿರುತ್ತದೆ, ಮುಂದಿನ ಭೇಟಿಯ ದಿನಾಂಕವಿರುತ್ತದೆ. ರಾತ್ರಿ ಹನ್ನೊಂದಕ್ಕೆ ಚೀಲ ಬಿಚ್ಚಿಕೊಂಡರೆ ಯಾರಿಗೆ ಫೋನ್ ಮಾಡಬೇಕೆಂಬ ಸಾಲು ಮಾತ್ರ ಹೆಚ್ಚಿನ ಚೀಟಿಗಳಲ್ಲಿ ಇರುವುದಿಲ್ಲ.