ಉಸಿರಿನ ಸಾಲಿನಲ್ಲಿ ಬರೀ 20

ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಚಿಕ್ಕಪ್ಪನಿಗೆ ಕರುಳಿನ ಆಪರೇಷನ್ ಆಗಿತ್ತು. ಮೂರನೇ ರಾತ್ರಿ ಜೊತೆಗೆ ಇದ್ದವನು ನಾನು. ನಿದ್ದೆ ಬರಲಿಲ್ಲ. ಸುಮ್ನೆ ಮಂಚದ ತುದಿಯಲ್ಲಿದ್ದ ಚಾರ್ಟ್ ನೋಡಿದೆ. ನಾಡಿ, ಬಿಪಿ, ಜ್ವರ ಎಲ್ಲ ಒಂದೊಂದು ಸಲ ಒಂದೊಂದು ಥರ. ಉಸಿರಿನ ಸಾಲಿನಲ್ಲಿ ಮಾತ್ರ 20, 20, 20. ಮನುಷ್ಯ ಮೂರು ದಿನ ಗಡಿಯಾರದ ಹಾಗೆ ಉಸಿರಾಡ್ತಾನಾ? ವಾಚ್ ಹಿಡಿದು ಎದೆಯ ಏರಿಳಿತ ಎಣಿಸಿದೆ. ನಿಮಿಷಕ್ಕೆ 26.

ನಮಗೆಲ್ಲ ಭಯ ಇರುವುದು ಓಟಿಯ (ಆಪರೇಷನ್ ಥಿಯೇಟರ್) ಬಾಗಿಲ ಮುಂದೆ. ಡಾಕ್ಟರ್ ಹೊರಬಂದು 'ಸಕ್ಸಸ್' ಅಂದ ಕೂಡಲೇ ಅರ್ಧ ಜನ ಕಾಫಿಗೆ ಹೋಗುತ್ತೇವೆ. ಆದರೆ ಸಾವು ಟೇಬಲ್ ಮೇಲೆ ಆಗುವುದು ಕಡಿಮೆ, ನಂತರದ ದಿನಗಳಲ್ಲೇ ಜಾಸ್ತಿ. ಓಟಿಯೊಳಗಿನ ತಪ್ಪು ತಡೆಯಲು 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 19 ಅಂಶಗಳ ಚೆಕ್‌ಲಿಸ್ಟ್ ತಂದಿತು. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಬಳಸಿ ನೋಡಿದಾಗ ಸಾವು ಶೇ. 1.5ರಿಂದ 0.8ಕ್ಕೆ ಇಳಿಯಿತು. ಒಳ್ಳೆಯದೇ. ಆದರೆ ರೋಗಿ ಓಟಿಯಿಂದ ಹೊರಗೆ ಹೋಗುವ ಹೊತ್ತಿಗೆ ಆ ಪಟ್ಟಿ ಮುಗಿದಿರುತ್ತದೆ.

ಆಮೇಲಿನ ಕಥೆ 2009ರ ಒಂದು ಅಮೆರಿಕನ್ ಅಧ್ಯಯನದಲ್ಲಿದೆ. ಸಾವು ಬಹಳ ಕಡಿಮೆ ಇರುವ ಆಸ್ಪತ್ರೆಗಳು ಒಂದು ಕಡೆ, ಬಹಳ ಹೆಚ್ಚಿರುವವು ಇನ್ನೊಂದು ಕಡೆ. ಆಪರೇಷನ್ ನಂತರ ತೊಂದರೆ ಕಾಣಿಸಿಕೊಂಡದ್ದು ಎರಡೂ ಕಡೆ ಹೆಚ್ಚುಕಡಿಮೆ ಒಂದೇ: ಶೇ. 26.9 ಮತ್ತು 24.6. ದೊಡ್ಡ ತೊಂದರೆ ಬಂದವರಲ್ಲಿ ಸತ್ತವರು? ಒಂದು ಕಡೆ ಶೇ. 12.5, ಇನ್ನೊಂದು ಕಡೆ 21.4. ತೊಂದರೆ ಎಲ್ಲ ಆಸ್ಪತ್ರೆಗಳಲ್ಲೂ ಬರುತ್ತೆ. ಅದನ್ನು ಬೇಗ ಗುರುತಿಸಿ ಓಡಿ ಬರುವವರು ಇದ್ದಾರಾ ಅನ್ನುವುದರಲ್ಲೇ ವ್ಯತ್ಯಾಸ ಅಂತ ನನಗನ್ನಿಸುತ್ತದೆ.

ಬೇಗ ಸುಳಿವು ಕೊಡುವುದೇ ಉಸಿರು. ಕರುಳಿನ ಹೊಲಿಗೆ ಸೋರಿ ನಂಜೇರಿದರೆ ರಕ್ತದಲ್ಲಿ ಆಮ್ಲ ಹೆಚ್ಚುತ್ತದೆ. ಅದನ್ನು ಕಡಿಮೆ ಮಾಡಲು ದೇಹ ಜೋರಾಗಿ ಉಸಿರಾಡಿ ಕಾರ್ಬನ್ ಡೈಆಕ್ಸೈಡ್ ಹೊರಹಾಕುತ್ತದೆ. ಶ್ವಾಸಕೋಶದಲ್ಲಿ ಸೋಂಕಾದರೂ ಉಸಿರು ಏರುತ್ತದೆ. ಎಷ್ಟೋ ಸಲ ಬಿಪಿ ಬೀಳುವುದು ಗಂಟೆಗಳ ನಂತರ. ಬ್ರಿಟನ್ನಿನ ಆಸ್ಪತ್ರೆಗಳು 2012ರಿಂದ ನಾಡಿ, ಬಿಪಿ, ಉಸಿರು ಎಲ್ಲಕ್ಕೂ ಅಪಾಯದ ಅಂಕ ಹಾಕುತ್ತಿವೆ. ಉಸಿರು ನಿಮಿಷಕ್ಕೆ 25 ಅಥವಾ ಹೆಚ್ಚಿದ್ದರೆ ನೇರ 3 ಅಂಕ. ಆ ಒಂದೇ ಕಾರಣ ಸಾಕು, ಡಾಕ್ಟರನ್ನು ಕರೆಯಲೇಬೇಕು. ಮೆಷಿನ್ ಬೇಡ, ಒಂದು ನಿಮಿಷ ಬೇಕು. ರಾತ್ರಿ ಪಾಳಿಯ ಸಿಸ್ಟರ್ ಒಬ್ಬರೇ ಇಡೀ ವಾರ್ಡ್ ನೋಡಬೇಕಾದಾಗ ಆ ಒಂದು ನಿಮಿಷವೇ ಇರೋದಿಲ್ಲ, ಅಲ್ವಾ?

ಸಿಸ್ಟರ್‌ಗೆ ಹೇಳಿದೆ. ಅವರೂ ಎಣಿಸಿದರು, ಮಾತಾಡದೆ ಫೋನ್ ಎತ್ತಿದರು. ಎಕ್ಸ್‌ರೇಯಲ್ಲಿ ನ್ಯುಮೋನಿಯಾ ಶುರುವಾಗಿದ್ದು ಕಂಡಿತು. ಆ್ಯಂಟಿಬಯಾಟಿಕ್ ಬದಲಾಯಿತು.

ಬೆಳಗ್ಗೆ ಚಿಕ್ಕಪ್ಪನ ಚಾರ್ಟ್‌ನಲ್ಲಿ 24 ಅಂತ ಬರೆದಿತ್ತು. ಪಕ್ಕದ ಮಂಚದ ಚಾರ್ಟ್‌ನಲ್ಲಿ ಇನ್ನೂ 20, 20, 20.